ಅತ್ತೆಯ ರೋಗಿ ಬೇಟೆ

ಮದುವೆ ಮನೆಯಲ್ಲಿ ಯಾರಾದರೂ ಎಡವಿದರೆ ಇಡೀ ಹಲಸೂರಿನಲ್ಲಿ ಸಂತೋಷಪಡುತ್ತಿದ್ದವರು ಒಬ್ಬರೇ: ನಮ್ಮ ಸೋದರತ್ತೆ! ಕೆಟ್ಟ ಮನಸ್ಸಿನವರು ಎಂದುಕೊಳ್ಳಬೇಡಿ. ಎಡವಿದವರನ್ನು ಎಬ್ಬಿಸಿ, ಸೀರೆ ಕೊಡವಿ, ನೀರು ಕುಡಿಸಿ, ಆಮೇಲೆ ಮೆಲ್ಲಗೆ ಕೇಳುತ್ತಿದ್ದರು: “ಯಾಕ್ ತಾಯಿ, ಸಂಜೆ ಆದ್ರೆ ಕಣ್ಣು ಕಾಣಲ್ವಾ?” ಹೌದು ಎಂದಿರೋ, ಕೆಟ್ಟಿರಿ! ಮರುದಿನ ಬೆಳಿಗ್ಗೆ ನೀವು ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ.

ಅತ್ತೆಗೆ ಅಕ್ಷಿಪಟಲ ನಿಧಾನವಾಗಿ ಸೊರಗುವ ಅಪರೂಪದ ಕಾಯಿಲೆ. ಮೊದಲು ಕತ್ತಲಲ್ಲಿ ಕಾಣುವುದಿಲ್ಲ, ಬಳಿಕ ಅಕ್ಕಪಕ್ಕದ ನೋಟ ಹೋಗುತ್ತದೆ, ಕೊಳವೆಯೊಳಗಿಂದ ನೋಡಿದಷ್ಟೇ ಉಳಿಯುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಅವರ ಡಾಕ್ಟರು ಇಂಥವರ ನೋಂದಣಿ ಆರಂಭಿಸಿದರು. “ನೀವೆಲ್ಲ ಅಲ್ಲೊಬ್ಬರು ಇಲ್ಲೊಬ್ಬರು ಅಡಗಿದ್ದೀರಿ. ಹೆಸರು, ಮನೆತನ ಒಂದು ಕಡೆ ಸೇರಿದರೆ ಸಂಶೋಧನೆ ಮಾಡಬಹುದು. ಮುಂದೆ ಔಷಧ ಬಂದರೆ ಯಾರನ್ನು ಕರೆಯಬೇಕೆಂದು ತಿಳಿಯುತ್ತದೆ” ಎಂದರು. ಅತ್ತೆಗೆ ಕೇಳಿಸಿದ್ದು ‘ಅಡಗಿದ್ದೀರಿ’ ಎನ್ನುವುದೊಂದೇ. ಅಡಗಿದವರನ್ನು ಹುಡುಕಲು ಅಂದೇ ಹೊರಟರು!

ಕಮ್ಮನಹಳ್ಳಿಯ ಬೇಕರಿಯಲ್ಲಿ ಹುಡುಗನೊಬ್ಬ ಬನ್ನನ್ನು ಚಹಾದ ಬದಲು ಪಕ್ಕದವನ ನೀರಿನ ಲೋಟದಲ್ಲಿ ಅದ್ದಿದ. ಅತ್ತೆ ಪುಳಕಿತರಾದರು.

“ಏನ್ ಗುರು, ಕತ್ತಲಾದ್ರೆ ಕಾಣಲ್ವಾ?”

“ಆಂಟಿ, ಕರೆಂಟ್ ಹೋಗಿದೆ. ಯಾರಿಗ್ ಕಾಣುತ್ತೆ?”

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಮುದುಕರೊಬ್ಬರು ತಡವರಿಸುತ್ತಿದ್ದುದನ್ನು ಕಂಡು ಅತ್ತೆ ಅವರ ಮುಂದೆ ನಿಂತು ಕಾಯಿಲೆಯ ಲಕ್ಷಣಗಳನ್ನೆಲ್ಲ ವಿವರಿಸಿದರು. ಅವರು ಸಹನೆಯಿಂದ ಕೇಳಿಸಿಕೊಂಡು, “ಅರೆ ಅಮ್ಮಾ, ನಂದು ಕಣ್ಣು ಚೆನ್ನಾಗಿದೆ. ನೀವು ನನ್ ಕಾಲ್ ಮೇಲೆ ನಿಂತಿದ್ದೀರಿ” ಎಂದರು.

ದೂರು ಡಾಕ್ಟರವರೆಗೂ ಹೋಯಿತು. “ಹೀಗೆ ಹಿಡಿದುಕೊಂಡು ಬರಬಾರದಮ್ಮ. ಅವರಾಗಿಯೇ ಒಪ್ಪಿ ಬರಬೇಕು. ಹೆಸರೆಲ್ಲ ಗುಟ್ಟಾಗಿರಬೇಕು.”

“ನಾನ್ ಯಾರಿಗ್ ಹೇಳ್ತೀನಿ ಡಾಕ್ಟ್ರೇ!” ಎಂದರು ಅತ್ತೆ. ಹೊರಗೆ ಕಾಯುತ್ತಿದ್ದವರೆಲ್ಲ ನಕ್ಕರು. ಅವರಿಗೆಲ್ಲ ಹೇಳಿಯಾಗಿತ್ತು.

ಆದರೆ ಅತ್ತೆಗೆ ನಿಜವಾಗಿ ಬೇಕಿದ್ದ ರೋಗಿ ಒಬ್ಬನೇ, ಅವರ ತಮ್ಮ. ಅಂದರೆ ನನ್ನ ಅಪ್ಪ. ತಮ್ಮನೂ ಸೇರಿದರೆ ಕಾಯಿಲೆ ನಮ್ಮ ಮನೆತನದಲ್ಲಿ ಹೇಗೆ ಇಳಿದುಬಂದಿದೆ ಎಂದು ತಿಳಿಯಬಹುದು ಎಂದಿದ್ದರು ಡಾಕ್ಟರು. ಅಪ್ಪನಿಗೆ ಸಂಜೆಯಾದರೆ ‘ಸುಸ್ತು’. ಹಗಲಲ್ಲಿ ಮಾತ್ರ ಸ್ಕೂಟರ್ ಓಡಿಸುವುದನ್ನು ಬಿಟ್ಟಿರಲಿಲ್ಲ.

“ಹುಡುಗಿ ಮದುವೆ ಆಗ್ಲಿ ಕಣಕ್ಕ. ಈಗ ಹೆಸರು ಬರೆಸಿದ್ರೆ ಗಂಡು ಯಾರ್ ಕೊಡ್ತಾರೆ?”

“ಅಷ್ಟ್ರಲ್ಲಿ ಸ್ಕೂಟರ್‌ನ ಯಾರ್ ಮನೆಗ್ ನುಗ್ಗಿಸ್ತೀಯೋ! ಅವರೇ ಬೀಗರಾಗ್ಲಿ ಬಿಡು.”

ಹುಡುಗಿ ನಾನೇ. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆ.ಆರ್. ಪುರದವರು ನನ್ನನ್ನು ನೋಡಲು ಬಂದರು. ಅತ್ತೆ ಬಾಯಿ ಬಿಡಬಾರದು ಎಂದು ಅಮ್ಮ ಆಣೆ ಹಾಕಿಸಿದ್ದರು. ಆಣೆ ಕೇಸರಿಬಾತಿನವರೆಗೆ ಉಳಿಯಿತು. ಗಂಡಿನ ಅಪ್ಪ ಚಮಚಕ್ಕಾಗಿ ತಡಕಾಡಿದ್ದೇ ತಡ, “ಯಾಕ್ರೀ, ನಿಮ್ಮಲ್ಲಿ ಯಾರಿಗಾದ್ರೂ ಸಂಜೆ ಕಣ್ಣು ಕಾಣಲ್ವಾ?” ಎಂದುಬಿಟ್ಟರು ಅತ್ತೆ!

“ನಮ್ಮಲ್ಲಿ ಅಂಥದ್ದೇನಿಲ್ಲಪ್ಪ” ಎಂದರು ಗಂಡಿನ ತಾಯಿ. “ನಿಮ್ಮಲ್ಲಿದೆಯಾ?”

ಯಾರ ಚಮಚವೂ ಅಲುಗಲಿಲ್ಲ. ವರ್ಷಗಟ್ಟಲೆ ಕಾದ ಸಂದರ್ಭ. ಅತ್ತೆ ಒಂದು ಮಾತು ಆಡಿದರೆ ಸಾಕಿತ್ತು.

“ನನಗೊಬ್ಬಳಿಗೇ ರೀ” ಎಂದರು ಅತ್ತೆ. “ನನ್ ತಮ್ಮಂದು ಹದ್ದಿನ ಕಣ್ಣು.”

ಕಂಡವರ ಕಣ್ಣಿನ ಗುಟ್ಟನ್ನೆಲ್ಲ ಬೀದಿಗೆ ತಂದ ನಮ್ಮ ಅತ್ತೆ! ಅಪ್ಪ ತಟ್ಟೆಯನ್ನು ಕೆಳಗಿಟ್ಟರು. “ನನಗೂ ಇದೆ” ಎಂದರು.

ಕೆ.ಆರ್. ಪುರದವರು ಕಾಫಿಗೆ ನಿಲ್ಲಲಿಲ್ಲ. ನನಗೆ ಬೇಸರವಾಯಿತೇ? ಅದು ನನ್ನ ವಿಷಯ, ಇರಲಿ.

ಮರುದಿನ ಸ್ಕೂಟರಿನ ಬೀಗದ ಕೈ ಅಮ್ಮನಿಗೆ ಕೊಟ್ಟು, ಅಪ್ಪ ಅತ್ತೆಯೊಂದಿಗೆ ಆಸ್ಪತ್ರೆಗೆ ಹೊರಟರು. ಜೊತೆಗೆ ನಾನು. ನೋಂದಣಿಯವರು “ಮನೆಯಲ್ಲಿ ಇನ್ಯಾರಿಗಿದೆ?” ಎಂದು ಕೇಳಿದಾಗ ಅಪ್ಪ “ನಮ್ಮಕ್ಕಂಗೆ” ಎಂದರು. ದಾರಿಯುದ್ದಕ್ಕೂ ಮಾತಾಡುತ್ತ ಬಂದಿದ್ದ ಅತ್ತೆಯ ದನಿಯೇ ಇಲ್ಲ. ಮಗ್ಗುಲಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಪ್ಪನಿಗೆ ಅದು ಕಾಣಲಿಲ್ಲ. ಕೈಯನ್ನು ಗಾಳಿಯಲ್ಲಿ ಚಾಚಿ ಹುಡುಕಿದರು.

“ಅಕ್ಕಾ, ಎಲ್ಲಿದ್ದೀಯೇ?”

ಅತ್ತೆ ಆ ಕೈಯನ್ನು ಹಿಡಿದು ತೊಡೆಯ ಮೇಲಿಟ್ಟುಕೊಂಡರು.

“ಪಕ್ಕದಲ್ಲೇ ಇದ್ದೀನಲ್ಲೋ.”