ಪೂರ್ವಕ್ಕೆ ಎಮ್ಮೆ

ಜಯಪುರದ ಆಚೆಗಿರುವ ಕರಿಹಡ್ಲು ಎಂಬ ಜೌಗಿನ ಪೂರ್ವದ ಗಡಿಯು ಒಂದು ಎಮ್ಮೆ ಎಂಬುದನ್ನು ಸಾರ್ವಜನಿಕರು ತಿಳಿದಿರತಕ್ಕದ್ದು.

ಎಲೆ, ಹುಲ್ಲು ಸಾವಿರಾರು ವರ್ಷ ಕೊಳೆತು ಕಪ್ಪಾದ ಆ ಜೌಗನ್ನು ಕಾಪಾಡಲು ಸಮಿತಿಯೊಂದು ರಚನೆಯಾಗಿತ್ತು. ಅಳತೆಗೆ ಬಂದ ಸರ್ವೇಯರ್ ಮಂಜಯ್ಯನವರು ಕೆಸರಿಗೆ ಇಳಿಯದೆ, ದೂರದಲ್ಲೇ ನಿಂತು ಚೆಕ್ಕುಬಂದಿ ಬರೆದರು. ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಕಾಡು, ದಕ್ಷಿಣಕ್ಕೆ ಗದ್ದೆ. ಪೂರ್ವಕ್ಕೆ ಕಪ್ಪಗೆ, ಅಲುಗಾಡದೆ ಏನೋ ಕಂಡಿತು.

"ಅದೆಂತದು?"

"ಅಖ್ತರ್ ಬಾನು ಅವರ ಎಮ್ಮೆ ಸಾರ್," ಎಂದರು ಜೊತೆಗಿದ್ದ ಊರಿನವರು.

ಹಾಗೇ ಬರೆದರು. ಹಾಗೇ ಅಚ್ಚಾಯಿತು.

ಅಚ್ಚಾದ ಸಂಜೆಯೇ, ಎಮ್ಮೆ ಮನೆಗೆ ಹೊರಟಾಗ ಸಮಿತಿಯ ಕಾವಲಿನ ಪುಟ್ಟಪ್ಪ ಅಡ್ಡ ನಿಂತ.

"ಬಾನಕ್ಕ, ಗಡೀನ ಎಲ್ಲಿಗೆ ಹೊಡ್ಕೊಂಡು ಹೋಗ್ತೀರಿ?"

"ಹಾಲು ಕರೀಬೇಕು ಮಾರಾಯ, ಕರು ಅರಚ್ತಾ ಇದೆ!"

"ಇಲ್ಲೇ ಕರೀರಿ. ಗಡಿ ಕದಲೋ ಹಾಗಿಲ್ಲ."

ಮೂರು ದಿನ ಬಾನು ಮೊಣಕಾಲುದ್ದ ಕೆಸರಿನಲ್ಲಿ ಹಾಲು ಕರೆದರು. ಎಮ್ಮೆಯಿಂದ ಒದೆ ತಿಂದರು. ಕರು ಬಾಟಲಿ ಹಾಲು ಮೂಸಲಿಲ್ಲ, ಬಡವಾಯಿತು. ನಾಲ್ಕನೇ ದಿನ ಸಮಿತಿಯ ಮುಂದೆ ಹೋಗಿ ನಿಂತರು. "ಕರು ಸತ್ರೆ ಯಾರು ಹೊಣೆ ಸಾರ್?" ಎಂದು ಕೇಳಿದರು.

ಸಮಿತಿಗೂ ಕರುಳಿತ್ತು. ಅದು ಆದೇಶಿಸಿತು: "ಎಮ್ಮೆಯು ಮನೆಗೆ ಹೋಗಬಹುದು. ಗಡಿಯೂ ಅದರೊಂದಿಗೆ ಹೋಗತಕ್ಕದ್ದು."

ಸಿಕ್ಕಿಬಿದ್ದವರು ರೇಣುಕಪ್ಪ. ಹಡ್ಲಿಗೂ ಬಾನು ಅವರ ಕೊಟ್ಟಿಗೆಗೂ ನಡುವೆ ಅವರ ಹೊಸ ಹೋಂಸ್ಟೇ ಇತ್ತು. ಎಮ್ಮೆ ಕೊಟ್ಟಿಗೆಯಲ್ಲಿರುವ ಹೊತ್ತು, ಸಂಜೆ ಆರರಿಂದ ಬೆಳಗ್ಗೆ ಎಂಟರ ತನಕ, ಅದು ಜೌಗಿನೊಳಗೆ ಸೇರಿತು. ಜೌಗಿನಲ್ಲಿ ಮನುಷ್ಯರು ಮಲಗುವುದು ನಿಷಿದ್ಧ.

"ಒಂದು ಕಲ್ಲು ನೆಡ್ಸಿ ಸಾರ್," ಎಂದು ಅವರು ಸಮಿತಿಯ ಅಧ್ಯಕ್ಷರಿಗೆ ಕೈಮುಗಿದರು.

"ಕಲ್ಲಿಗೆ ಟೆಂಡರ್ ಆಗ್ಬೇಕು. ಎಮ್ಮೆ ಈಗಾಗ್ಲೇ ಮಂಜೂರಾಗಿದೆ."

"ಹಾಗಾದ್ರೆ ಎಮ್ಮೇನ ನಾನೇ ಕೊಂಡ್ಕೊಳ್ತೀನಿ."

"ಸರ್ಕಾರಿ ಗಡಿ ಕೊಳ್ಳೋದು ಅಪರಾಧ ರೇಣುಕಪ್ನೋರೇ. ನಾನು ಕೇಳಿಸ್ಕೊಂಡಿಲ್ಲ."

ಈಗ ಯಾರಿಗೂ ದೂರಿಲ್ಲ. ಕರು ಮೈತುಂಬಿಕೊಂಡಿದೆ. ದೂರದೂರಿಂದ ಬರುವ ಅತಿಥಿಗಳು ಬೆಳಗ್ಗೆ ಎಂಟಕ್ಕೆ ಒಳಗೆ ಹೋಗಿ, ಕಿಟಕಿ ಮುಚ್ಚಿ, ಶ್ರದ್ಧೆಯಿಂದ ಮಲಗುತ್ತಾರೆ. ಸಂಜೆ ಆರು ಹೊಡೆಯುವ ಮೊದಲೇ ರೇಣುಕಪ್ಪ ಒಂದೊಂದೇ ಬಾಗಿಲು ತಟ್ಟುತ್ತಾ ಬರುತ್ತಾರೆ.

"ಬೇಗ ಹೊರಡಿ ಮಾರಾಯ್ರೇ, ಜೌಗು ಬರ್ತಾ ಇದೆ!"

ಅತಿಥಿಗಳು ಬ್ಯಾಗು ಎತ್ತಿಕೊಂಡು ಅಂಗಳಕ್ಕಿಳಿದು, ಅದಕ್ಕೆ ದಾರಿ ಬಿಟ್ಟು ನಿಲ್ಲುತ್ತಾರೆ.