ಮೂರು ದೇಶದ ಊಟ, ಏಳು ಮನೆಯ ಪಾತ್ರೆ

ನಮ್ಮ ಅಮ್ಮ ಕ್ರಿಸ್ಮಸ್ ದಿನ ಕುಳಿತು ಊಟ ಮಾಡಿದ್ದನ್ನು ನನ್ನ ಹತ್ತೊಂಬತ್ತು ವರ್ಷದ ಆಯುಸ್ಸಿನಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಮನೆಯಲ್ಲಿ ಇರುವವರು ಮೂವರೇ: ಅಪ್ಪ, ಅಮ್ಮ, ನಾನು. ಆದರೆ ಹಬ್ಬಕ್ಕೆ ಒಂದು ವಾರ ಮೊದಲು ನಮ್ಮ ಅಡಿಗೆಮನೆಗೆ ಇಣುಕಿದವರು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮೂರು ಪಾಳಿಗೂ ಇಲ್ಲಿಂದಲೇ ಊಟ ಹೋಗುತ್ತದೆಂದು ತಿಳಿಯಬೇಕು. ಕಜ್ಜಾಯ, ಕರ್ಜಿಕಾಯಿ, ಕಲ್‌ಕಲ್, ಚಕ್ಕುಲಿ, ಎಲ್ಲವನ್ನೂ ಕರಿದು, ಕ್ವಾರ್ಟರ್ಸಿನ ನಮ್ಮ ಸಾಲಿನ ಏಳು ಮನೆಗೆ ತಟ್ಟೆ ಕಳಿಸಬೇಕು. ದೀಪಾವಳಿಗೆ, ರಂಜಾನಿಗೆ ಆ ಮನೆಗಳಿಂದ ನಮಗೆ ಬರುತ್ತದಲ್ಲ! ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ಬೈಬಲಿನ ಹತ್ತು ಆಜ್ಞೆಗಳ ಮೇಲೆ ನಮ್ಮ ಸಾಲಿನ ಹನ್ನೊಂದನೆಯ ಆಜ್ಞೆ. ಇದರಲ್ಲಿ ಉಪವಿಧಿಗಳೂ ಉಂಟು. ಸಂಸ್ಕೃತ ಮೇಷ್ಟರ ಹೆಂಡತಿ ಸೀತಾಲಕ್ಷ್ಮಿಯವರ ಮನೆಗೆ ಮೊದಲು ಹಣ್ಣು ಸಕ್ಕರೆ ಮಾತ್ರ ಹೋಗುತ್ತಿತ್ತು. ಅವರ ಅತ್ತೆ ತೀರಿಕೊಂಡ ಮೇಲೆ ಕಜ್ಜಾಯವೂ ಹೋಗುತ್ತದೆ. ಆದರೆ ಹೊಸ ಎಣ್ಣೆಯಲ್ಲಿ, ಎಲ್ಲಕ್ಕಿಂತ ಮೊದಲು ಕರಿದದ್ದು.

ಇಷ್ಟಾದ ಮೇಲೆ ಹಬ್ಬದ ದಿನ ಚರ್ಚಿನಿಂದ ಬಂದು ಪಲಾವು, ಕೋಳಿಸಾರು ಮಾಡಿ, ಬಂದವರಿಗೆಲ್ಲ ಬಡಿಸಿ, ಸಂಜೆ ನಾಲ್ಕಕ್ಕೆ ಅಮ್ಮ ಪಾತ್ರೆಯ ತಳ ಕೆರೆದು, ಗೋಡೆಗೆ ಒರಗಿ ನಿಂತುಕೊಂಡೇ ನಾಲ್ಕು ತುತ್ತು ತಿನ್ನುತ್ತಿದ್ದಳು. ಕುಳಿತರೆ ಮತ್ತೆ ಏಳಲಾರೆನೆಂಬ ಭಯವಂತೆ. ಮೂರು ವರ್ಷದ ಹಿಂದೆ ಅಪ್ಪ ಅವಳಿಗೆಂದೇ ಒಂದು ಬೆತ್ತದ ಕುರ್ಚಿ ತಂದಿದ್ದರು. ಅದರಲ್ಲಿ ಈರುಳ್ಳಿ ಬುಟ್ಟಿ ಕುಳಿತಿದೆ, ಒಗೆದ ಬಟ್ಟೆ ಕುಳಿತಿದೆ, ಪಕ್ಕದ ಮನೆಯ ಹಾಲಮ್ಮನವರ ಬೆಕ್ಕು ಮೂರು ಮರಿ ಹಾಕಿ ಬಾಣಂತನವನ್ನೂ ಮುಗಿಸಿಕೊಂಡು ಹೋಗಿದೆ. ಅಮ್ಮ ಮಾತ್ರ ಕುಳಿತಿರಲಿಲ್ಲ.

ಈ ಅನ್ಯಾಯವನ್ನು ಕೊನೆಗಾಣಿಸುವ ಬೆಳಕು ನನಗೆ ಸಾವಿರದ ಒಂಬೈನೂರ ಅರವತ್ತೆರಡರ ಡಿಸೆಂಬರಿನಲ್ಲಿ, ಶಿವಮೊಗ್ಗದ ಕಾಲೇಜಿನ ವಾಚನಾಲಯದಲ್ಲಿ ಕಂಡಿತು. ಯಾರೋ ಕಾಫಿತೋಟದ ದೊರೆಸಾನಿ ದಾನ ಕೊಟ್ಟಿದ್ದ ಹಳೆಯ ಇಂಗ್ಲಿಷ್ ಪತ್ರಿಕೆ. ಅದರಲ್ಲಿ ಕೊರಳಿಗೆ ಮುತ್ತಿನ ಸರ ಹಾಕಿದ ಒಬ್ಬ ಗೃಹಿಣಿ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕುಳಿತು ನಗುತ್ತಿದ್ದಳು. ಪಕ್ಕದಲ್ಲಿ ಅವಳ ಕ್ರಿಸ್ಮಸ್ ಊಟ: ಒಂದೊಂದು ದೇಶದ್ದು ಒಂದೊಂದು ತಿನಿಸು. ಎಲ್ಲವನ್ನೂ ಹಿಂದಿನ ದಿನವೇ ಮಾಡಿಡುವುದು, ತಣ್ಣಗೆ ಮೇಜಿನ ಮೇಲೆ ಜೋಡಿಸುವುದು, ಅವರವರೇ ಬಡಿಸಿಕೊಳ್ಳುವುದು. ಆ ಸಂಜೆ ರೈಲಿನಲ್ಲಿ ಭದ್ರಾವತಿಗೆ ಮರಳುವಾಗ ಕಾರ್ಖಾನೆಯ ಬೆಂಕಿ ಆಕಾಶದಂಚಿನಲ್ಲಿ ಕೆಂಪಗೆ ಕಾಣುತ್ತಿತ್ತು. ಅದು ನನಗೆ ಅಂದು ಸಾಕ್ಷಾತ್ ಬೇತ್ಲೆಹೇಮಿನ ನಕ್ಷತ್ರದಂತೆ ಕಂಡಿತು.

"ಇಟಲಿಯ ಮೆಕರೋನಿ, ರಷ್ಯಾದ ಸಲಾಡು, ಚೀನಾದ ಸೂಪು, ಇಂಗ್ಲೆಂಡಿನ ಪುಡಿಂಗು," ಎಂದು ಮನೆಯಲ್ಲಿ ಪಟ್ಟಿ ಓದಿ, ಅವರವರೇ ಬಡಿಸಿಕೊಳ್ಳುವ ಕ್ರಮವನ್ನೂ ವಿವರಿಸಿದೆ.

ಅಪ್ಪ ಪೇಪರನ್ನು ಕೆಳಗಿಳಿಸಿದರು. "ಚೀನಾ? ನಮ್ಮ ಹುಡುಗರು ಅಲ್ಲಿ ಹಿಮದಲ್ಲಿ ನಿಂತಿದಾರೆ. ನಿಮ್ಮಮ್ಮ ಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟು ತಿಂಗಳಾಗಿದೆ. ನಮ್ಮ ಮೇಜಿನ ಮೇಲೆ ಆ ದೇಶಕ್ಕೆ ಒಂದಿಂಚು ಜಾಗ ಬಿಡೋಲ್ಲ!"

(ಗಡಿಯಲ್ಲಿ ಗುಂಡು ನಿಂತು ಆಗಲೇ ಕೆಲವು ವಾರಗಳಾಗಿದ್ದವು. ನಮ್ಮ ಮನೆಯಲ್ಲಿ ಇನ್ನೂ ನಿಂತಿರಲಿಲ್ಲ.)

ಚೀನಾವನ್ನು ಹೊಡೆದುಹಾಕಿದೆ. ಉಳಿದದ್ದು ಮೂರು ದೇಶ.

"ಅದೇನದು, ಅವರವರೇ ಬಡಿಸಿಕೊಳ್ಳೋದು? ಬಡಿಸೋರಿಲ್ಲದ ಊಟ ಊಟವಾ ಮಾರಾಯ್ತಿ? ಅದು ಕ್ಯಾಂಟೀನು. ನಾನು ವರ್ಷವಿಡೀ ಅಲ್ಲೇ ತಿಂತೀನಿ."

"ಅಪ್ಪ, ಇದು ಅಮ್ಮನಿಗೋಸ್ಕರ. ಈ ಸಲ ಅಮ್ಮ ಕೂತು ಊಟ ಮಾಡ್ಬೇಕು. ಕಜ್ಜಾಯ ಇಲ್ಲ, ಚಕ್ಕುಲಿ ಇಲ್ಲ, ಬಾಣಲೆ ಇಲ್ಲ."

"ಮತ್ತೆ ಏಳು ಮನೆ ತಟ್ಟೆ?"

"ತಟ್ಟೆಗಳಿಗೂ ಈ ವರ್ಷ ರಜ."

ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಅಮ್ಮನ ಬೆರಳು ಒಂದು ಕ್ಷಣ ನಿಂತಿತು. ನಾನು ವಾದಕ್ಕೆ ಸಜ್ಜಾದೆ. ಆದರೆ ಅವಳು ತಲೆ ಎತ್ತಿ, ಹಾಲು ಕುಡಿದ ಮಗುವಿನ ಮುಖದಲ್ಲಿ, "ಆಗ್ಲಿ ಬಿಡೇ ಜಯಾ. ನನಗೂ ಸಾಕಾಗಿದೆ. ಕೂತ್ಕೋತೀನಿ," ಎಂದಳು. ಮತ್ತೆ ಒಂದು ಕಲ್ಲು ಆರಿಸಿ ಎಸೆದು ಹೇಳಿದಳು: "ಆದ್ರೆ ಒಂದ್ಸಲ ಕೂತ್ರೆ ಏಳೋಲ್ಲ ನೋಡು. ಬಾಗಿಲು ಬಡಿದ್ರೂ ಏಳೋಲ್ಲ, ಹಾಲು ಉಕ್ಕಿದ್ರೂ ಏಳೋಲ್ಲ. ಅವತ್ತು ಎಲ್ಲಾ ನಿಂದೇ. ಮಾತು ಕೊಡು."

ಕೊಟ್ಟೆ. (ಇಷ್ಟು ಸುಲಭವಾಗಿ ಒಪ್ಪಂದಕ್ಕೆ ಸಹಿ ಹಾಕಿದ ರಾಜರೆಲ್ಲ ಮುಂದೆ ಏನಾದರೆಂದು ಬಿ.ಎ. ತರಗತಿಯ ಇತಿಹಾಸ ಓದುವ ನನಗೆ ಗೊತ್ತಿರಬೇಕಿತ್ತು.)

ಸಾಮಗ್ರಿ ಸಂಗ್ರಹಕ್ಕೆ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದೆ. ತೋಟದ ಸಾಹೇಬರುಗಳಿಗೆ ಡಬ್ಬಿ ಸಾಮಾನು ಮಾರುವ ನಸರುಲ್ಲಾ ಸಾಹೇಬರು ಅಟ್ಟದಿಂದ ಒಂದು ಪೊಟ್ಟಣ ಇಳಿಸಿ ಧೂಳು ಊದಿದರು. "ಮೆಕರೋನಿ ಇದೆ ಬೇಟಿ. ಯುದ್ಧಕ್ಕೆ ಮುಂಚಿನ ಮಾಲು. ಯಾವ ಯುದ್ಧ ಅಂತ ಮಾತ್ರ ಕೇಳ್ಬೇಡ."

ಸಲಾಡಿಗೆ ಆಲಿವ್ ಎಣ್ಣೆ ಬೇಕಿತ್ತು. ಅದು ಸಿಗುವುದು ಔಷಧಿ ಅಂಗಡಿಯಲ್ಲಿ, ಎಳೆಮಕ್ಕಳ ಮೈಗೆ ಹಚ್ಚಲೆಂದು, ಬೆರಳುದ್ದದ ಸೀಸೆಯಲ್ಲಿ.

"ಮಗುವಿಗೆ ಎಷ್ಟು ತಿಂಗಳು?" ಎಂದು ಕೇಳಿದರು ಅಂಗಡಿಯವರು.

"ಮಗುವಿಗಲ್ಲ, ತಿನ್ನೋಕೆ," ಎಂದೆ.

ಅವರು ನನ್ನನ್ನು ಒಮ್ಮೆ, ನನ್ನ ಕೈಯ ಪುಸ್ತಕಗಳನ್ನು ಒಮ್ಮೆ ನೋಡಿ, ಓದು ಹೆಣ್ಣುಮಕ್ಕಳನ್ನು ಎಲ್ಲಿಗೆ ತಂದಿತು ಎಂಬಂತೆ ನಿಟ್ಟುಸಿರಿಟ್ಟು ಸೀಸೆಯನ್ನು ಕಾಗದದಲ್ಲಿ ಸುತ್ತಿಕೊಟ್ಟರು.

ಆ ವಾರವೆಲ್ಲ ಅಮ್ಮ ಅಪೂರ್ವವಾದ ಶಾಂತಿಯಲ್ಲಿದ್ದಳು. ಬೀದಿಯ ನಲ್ಲಿಗೆ ಹೋದರೆ ಒಂದು ಕೊಡ ನೀರಿಗೆ ಒಂದು ಗಂಟೆ. ನೆರೆಯ ಹೆಂಗಸರೊಡನೆ ಪಿಸಪಿಸ, ನಡುವೆ ನಗು. ನಾನು ಕಿಟಕಿಯಿಂದ ನೋಡಿ, 'ಪಾಪ, ವಿಶ್ರಾಂತಿ ಆಗಲೇ ಶುರುವಾಗಿದೆ' ಎಂದು ಮನಸ್ಸಿನಲ್ಲೇ ಹಿಗ್ಗಿದೆ. ಮಂಚದ ಕೆಳಗೆ ಬಾಯಿಗೆ ಬಟ್ಟೆ ಕಟ್ಟಿದ ಒಂದು ದೊಡ್ಡ ಜಾಡಿ ಕಂಡಿತು. ಏನೆಂದು ಕೇಳಿದರೆ, "ಹುಣಸೆಹಣ್ಣು," ಎಂದಳು. ನನಗೆ ಹುಣಸೆಹಣ್ಣಿನಿಂದ ಆಗಬೇಕಾದ್ದೇನು? ನನ್ನ ತಲೆಯಲ್ಲಿ ರಷ್ಯಾ ಇತ್ತು.

ಇಪ್ಪತ್ತನಾಲ್ಕರ ಮಧ್ಯಾಹ್ನ ನಾನು ಅಡಿಗೆಮನೆಯ ಅಧಿಕಾರ ವಹಿಸಿಕೊಂಡೆ. ಮೆಕರೋನಿಯನ್ನು ಬೇಯಿಸಿದೆ. ಒಣಗಬಾರದೆಂದು ಬಿಸಿನೀರಿನಲ್ಲೇ ಬಿಟ್ಟೆ. (ಪತ್ರಿಕೆಯಲ್ಲಿ ಆ ಸಾಲಿನ ಮೇಲೆ ಕಾಫಿ ಚೆಲ್ಲಿತ್ತು.) ಮೊಟ್ಟೆಯ ಹಳದಿಗೆ ಆಲಿವ್ ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಟ್ಟು ತಿರುವಿದರೆ ಬೆಣ್ಣೆಯಂತೆ ಆಗುತ್ತದೆಂದಿತ್ತು, ಒಂದೂವರೆ ಗಂಟೆ ತಿರುವಿದೆ, ನನ್ನ ತೋಳು ಬೆಣ್ಣೆಯಂತಾಯಿತು. ಪುಡಿಂಗನ್ನು ಬಟ್ಟೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಬೇಕಿತ್ತು. ಶುದ್ಧವಾದ ಬಟ್ಟೆಯೆಂದರೆ ಅಪ್ಪ ಹಬ್ಬಕ್ಕೆಂದು ತಂದ ಕೆಂಪು ಚೌಕಳಿಯ ಹೊಸ ಟವೆಲು. ಅದರಲ್ಲೇ ಕಟ್ಟಿ ಇಡ್ಲಿ ಪಾತ್ರೆಯಲ್ಲಿ ಇಟ್ಟೆ.

ಮರುದಿನ ಚರ್ಚಿನಿಂದ ಬಂದ ಮೇಲೆ ಕುರ್ಚಿಯಿಂದ ಈರುಳ್ಳಿ ಬುಟ್ಟಿಯನ್ನು ಇಳಿಸಿ, ಅಮ್ಮನನ್ನು ಕೈಹಿಡಿದು ಕರೆತಂದು ಕೂರಿಸಿದೆ. ಹೊಸ ಸೀರೆ, ಮುಡಿಯಲ್ಲಿ ಸೇವಂತಿಗೆ. ಕಾಲಕೆಳಗೆ ಮಣೆ ಕೊಟ್ಟೆ. ಕುರ್ಚಿ ಒಮ್ಮೆ ಕಿರುಗುಟ್ಟಿ, ಕೊನೆಗೂ ತನ್ನ ಒಡತಿಯನ್ನು ಗುರುತಿಸಿದಂತೆ ಸುಮ್ಮನಾಯಿತು. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅಪ್ಪ ಮೆಕರೋನಿಯ ಮುಚ್ಚಳ ತೆಗೆದರು.

ಇಟಲಿ ರಾತ್ರಿ ಕಳೆಯುವಷ್ಟರಲ್ಲಿ ಏಕೀಕರಣಗೊಂಡಿತ್ತು. ಒಂದೇ ಮುದ್ದೆ. ಅಪ್ಪ ಸೌಟು ಊರಿ ಎತ್ತಿದರು. ಸೌಟಿನೊಡನೆ ಪಾತ್ರೆಯೂ ಮೇಲೆ ಬಂತು.

"ನಮ್ಮ ಫೌಂಡ್ರೀಲಿ ಅಚ್ಚಿನ ಮರಳು ಕಚ್ಚಿಕೊಳ್ಳೋಕೆ ಕಾಕಂಬಿ ಹಾಕ್ತೀವಿ," ಎಂದರು ಕೆಲಸದ ಗೌರವದಿಂದ. "ಇದು ಅದಕ್ಕಿಂತ ವಾಸಿ ಕಣೇ. ಸಾಹೇಬರಿಗೆ ಹೇಳ್ಲಾ?"

ರಷ್ಯಾ ತಟ್ಟೆಯ ತುಂಬ ಹರಿದು, ಆಲೂಗಡ್ಡೆ ತುಂಡುಗಳು ಹಳದಿ ಎಣ್ಣೆಯಲ್ಲಿ ತೇಲುತ್ತಿದ್ದವು. ಮನೆಯೆಲ್ಲ ಎಳೆಮಗುವಿನ ತೊಟ್ಟಿಲ ವಾಸನೆ. ಟವೆಲು ಬಿಚ್ಚಿದರೆ ಪುಡಿಂಗಿನ ಮೈತುಂಬ ಕೆಂಪು ಚೌಕಳಿ ಇಳಿದಿತ್ತು; ಇಂಗ್ಲೆಂಡು ಲುಂಗಿ ಉಟ್ಟು ಕುಳಿತಂತಿತ್ತು. ಅಪ್ಪ ಟವೆಲನ್ನು ಎತ್ತಿ ನೋಡಿದರು. ಅದು ಬೆಳ್ಳಗಾಗಿತ್ತು.

"ಚೆನ್ನಾಗೇ ಇರುತ್ತೆ, ಬಡಿಸ್ಕೋಳಿ," ಎಂದೆ. ದನಿ ನನಗೇ ಕೇಳಿಸಲಿಲ್ಲ.

ಆಗ ಯಾರೋ ಬಾಗಿಲು ಬಡಿದರು.

"ಜಯಾ, ಬಾಗಿಲು," ಎಂದಳು ಅಮ್ಮ, ಅಲುಗದೆ. "ನಾನು ಏಳೋ ಹಾಗಿಲ್ಲ."

ಲಾರಿ ಡ್ರೈವರ್ ಮೊಹಿದ್ದೀನರ ಹೆಂಡತಿ ಅಖ್ತರ್ ಬೀ ಎರಡು ಕೈಯಲ್ಲೂ ಹಿಡಿಯಲಾರದಷ್ಟು ದೊಡ್ಡ ಪಾತ್ರೆಯೊಡನೆ ನಿಂತಿದ್ದರು. ಮುಚ್ಚಳದ ಸಂದಿಯಿಂದ ಬಿರಿಯಾನಿಯ ಹಬೆ ಹೊರಟು, ತೊಟ್ಟಿಲ ವಾಸನೆಯನ್ನು ಒಂದೇ ಏಟಿಗೆ ಹೊರದಬ್ಬಿತು.

"ತಗೋ ಬೇಟಿ, ಬಿಸಿ ಇದೆ. ನಿಮ್ಮಮ್ಮ ನಲ್ಲಿ ಹತ್ರ ಹೇಳಿದ್ಳು, ಈ ಸಲ ನಮ್ಮ ಜಯಾ ರಷ್ಯಾ ಅಡಿಗೆ ಮಾಡ್ತಾಳೆ, ನಮ್ಮನ್ನ ಉಪವಾಸ ಕೆಡವಬೇಡಿ ಅಂತ!"

ತಿರುಗಿ ನೋಡಿದೆ. ಅಮ್ಮ ಸೀರೆಯ ಅಂಚಿನ ಹೂವು ಎಣಿಸುತ್ತಿದ್ದಳು.

ಅಖ್ತರ್ ಬೀ ಮೆಟ್ಟಿಲಿಳಿಯುವ ಮುಂಚೆ ಹಾಲಮ್ಮನವರು ಬಂದರು. ಹೊಳಲೂರಿನ ತವರಿನಿಂದ ತಂದ ತುಪ್ಪ ಸುರಿದ ಹೋಳಿಗೆ. "ಏನವ್ವಾ, ಓದಿದೋಳು, ಕೂತ್ಕೊಂಡು ಉಣ್ಣೋ ಊಟ ಮಾಡೀಯಂತೆ? ನೋಡೋಣ ಅಂತ ಬಂದೆ." ನೋಡಿದರು. ಪುಡಿಂಗನ್ನು ಎರಡು ಸಲ ನೋಡಿದರು. "ಇದು ಮೈಗೆ ಹುಷಾರಿಲ್ಲದಂಗೆ ಐತಲ್ಲೇ!"

ಆಮೇಲೆ ಸೀತಾಲಕ್ಷ್ಮಿಯವರು, ಬಾಳೆಎಲೆ ಮುಚ್ಚಿದ ಪುಳಿಯೋಗರೆ. ಆಮೇಲೆ ತಮಿಳರ ಮನೆಯ ಮೀನಿನ ಹುಳಿ, ತೆಲುಗರ ಮನೆಯ ಗೋಂಗೂರ ಸೊಪ್ಪಿನ ಚಟ್ನಿ. ಬಾಗಿಲು ಬಡಿಯುವುದು, "ಜಯಾ, ಬಾಗಿಲು". ಪಾತ್ರೆ ಇಳಿಸುವುದು, "ಜಯಾ, ಅಪ್ಪನಿಗೆ ಬಡಿಸು". ಬಂದವರಿಗೆ ಕಾಫಿ, "ಜಯಾ, ಸಕ್ಕರೆ ಕಮ್ಮಿ". ಏಳು ಮನೆಯವರೂ ಬಂದರು. ಯಾರೂ ಪಾತ್ರೆ ಬಿಟ್ಟು ಹೋಗುವ ಅವಸರದಲ್ಲಿರಲಿಲ್ಲ; ರೂತಮ್ಮ, ಅಂದರೆ ನಮ್ಮ ಅಮ್ಮ, ಕುರ್ಚಿಯಲ್ಲಿ ಕುಳಿತಿರುವ ದೃಶ್ಯವನ್ನು ನೋಡಲು ಬಂದವರು ಗೋಡೆಗುಂಟ ಕುಳಿತೇಬಿಟ್ಟರು. ಅಮ್ಮ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಬಿಸಿಬಿಸಿ ಬಿರಿಯಾನಿಯನ್ನು ನಿಧಾನವಾಗಿ, ಒಂದೊಂದು ತುತ್ತಿಗೂ ಒಂದೊಂದು ಮಾತಾಡುತ್ತ ತಿಂದಳು. ಅವಳು ಊಟ ಮಾಡುವಾಗ ಇಷ್ಟು ಚೆಂದ ಕಾಣುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ.

"ನೋಡಿದ್ಯಾ," ಎಂದು ಅಪ್ಪ ಮೂರನೆಯ ಸಲ ಬಡಿಸಿಕೊಳ್ಳುತ್ತ (ಬಡಿಸಿದ್ದು ನಾನು) ಹೇಳಿದರು, "ಚೀನಾ ಒಂದನ್ನು ಬಿಟ್ಟು ಎಲ್ಲಾ ಬಂತು."

ಎಲ್ಲರೂ ಹೋದ ಮೇಲೆ, ತಳದಲ್ಲಿ ಉಳಿದದ್ದನ್ನು ನಮ್ಮ ಪಾತ್ರೆಗಳಿಗೆ ಬಗ್ಗಿಸಿಕೊಂಡು, ಅಡಿಗೆಮನೆಯ ಕಟ್ಟೆಯ ಮೇಲೆ ಏಳು ಪಾತ್ರೆ ತೊಳೆದು ಸಾಲಾಗಿ ಬೋರಲು ಹಾಕಿದೆ. ಇನ್ನು ನನ್ನ ಊಟ ಎಂದು ತಟ್ಟೆಗೆ ಕೈ ಹಾಕಿದೆ.

"ಜಯಾ," ಎಂದಳು ಅಮ್ಮ ಕುರ್ಚಿಯಿಂದ. "ಪಾತ್ರೆ ಹೊತ್ತು ಮುಳುಗೋದ್ರೊಳಗೆ ಹಿಂದಕ್ಕೆ ಹೋಗ್ಬೇಕು."

"ಕೊಟ್ಟು ಬರ್ತೀನಿ."

"ಖಾಲೀನಾ?"

ನಾನು ಏಳು ಪಾತ್ರೆಗಳನ್ನು ನೋಡಿದೆ. ಅವು ನನ್ನನ್ನು ನೋಡಿದವು.

"ಒಂದೊಂದು ಚಿಟಿಕೆ ಸಕ್ಕರೆ..."

"ಹಬ್ಬದ ದಿನ, ಬಿರಿಯಾನಿ ಬಂದ ಪಾತ್ರೆಗೆ ಸಕ್ಕರೆ?"

"ಮೆಕರೋನಿ ಇದೆ..."

"ಬೇಡಮ್ಮ," ಎಂದರು ಅಪ್ಪ ತೂಕಡಿಕೆಯ ನಡುವೆ. "ಒಂದು ನೆರೆಯೋರ ಜೊತೆ ಯುದ್ಧ ಸಾಕು ಈ ವರ್ಷಕ್ಕೆ."

ಅಮ್ಮ ಕಾಲಬೆರಳಿನಿಂದ ಮಂಚದ ಕಡೆ ತೋರಿಸಿದಳು. "ಆ ಹುಣಸೆಹಣ್ಣಿನ ಜಾಡಿ ತೆಗಿ."

ಬಟ್ಟೆ ಬಿಚ್ಚಿದೆ. ಬೆಲ್ಲ, ಏಲಕ್ಕಿ, ಎಳ್ಳಿನ ಪರಿಮಳ ಮುಖಕ್ಕೆ ಬಂತು. ಕಜ್ಜಾಯದ ಹಿಟ್ಟು, ಜಾಡಿಯ ಕೊರಳಿನವರೆಗೆ. ಮುಟ್ಟಿದರೆ ರೇಷ್ಮೆ. ಅಕ್ಕಿ ನೆನೆಸಿ, ಕುಟ್ಟಿ, ಪಾಕಕ್ಕೆ ಕಲೆಸಿಟ್ಟ ಹಿಟ್ಟು ಈ ಹದಕ್ಕೆ ಬರಲು ವಾರವಾದರೂ ಬೇಕು. ಒಂದು ವಾರದ ಹಿಂದೆ ಎಂದರೆ ನಾನು ಪಟ್ಟಿ ಓದಿದ ದಿನ. ಅಂದು ಅವಳು ಕಲ್ಲು ಆರಿಸುತ್ತಿದ್ದ ಅಕ್ಕಿ ಇದೇ!

"ಕಜ್ಜಾಯದ ಹಿಟ್ಟು ಕೂತಷ್ಟೂ ಹದ ಕಣೇ," ಎಂದಳು ಅಮ್ಮ, ಮಣೆಯ ಮೇಲೆ ಕಾಲು ಚಾಚಿ. "ಮೊದಲನೇ ಬಾಣಲೆ ಸೀತಾಲಕ್ಷ್ಮಿಯವರದ್ದು, ಮರೀಬೇಡ. ಹೊಸ ಎಣ್ಣೆ ಮೇಲಿನ ಗೂಡಲ್ಲಿದೆ. ಉರಿ ಸಣ್ಣಗಿರಲಿ."

"ಅಮ್ಮ, ನೀನು ಸ್ವಲ್ಪ ಕೈ..."

"ಮಾತು ಕೊಟ್ಟಿದೀಯ."

ಏಳು ಪಾತ್ರೆಗೆ ಎಷ್ಟು ಕಜ್ಜಾಯ ಬೇಕು? ಲೆಕ್ಕ ಕೇಳಬೇಡಿ. ಅಖ್ತರ್ ಬೀಯವರ ಪಾತ್ರೆಯೊಂದಕ್ಕೇ ನಾನು ಮೂರು ಸಲ ಅತ್ತೆ. ಅಷ್ಟು ದೊಡ್ಡ ಪಾತ್ರೆಯನ್ನು ತರಲು ಹೇಳಿದವರು ಯಾರೆಂದು ಈಗ ಹೇಳಬೇಕಾಗಿಲ್ಲವಷ್ಟೆ. ತಟ್ಟಿ ಬಿಡುವುದು, ತಿರುವುವುದು, ಎರಡು ಸೌಟಿನ ನಡುವೆ ಒತ್ತಿ ಎಣ್ಣೆ ಇಳಿಸುವುದು. ನಡುಮನೆಯಲ್ಲಿ ಅಪ್ಪನ ಗೊರಕೆ. ಕುರ್ಚಿಯಿಂದ ಆಗಾಗ ಆಕಾಶವಾಣಿ: "ಕಪ್ಪಾಗ್ತಿದೆ, ವಾಸನೆ ಬಂತು." ಎದ್ದು ಬಂದು ನೋಡದೆ ಅಷ್ಟು ನಿಖರವಾಗಿ ಬೈಯುವುದನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಕೊನೆಯ ಪಾತ್ರೆಯನ್ನು ಮುಟ್ಟಿಸಿ ಬಂದಾಗ ಕಾರ್ಖಾನೆಯಲ್ಲಿ ಪಾಳಿ ಬಿಟ್ಟು ಬಹಳ ಹೊತ್ತಾಗಿತ್ತು. ಬಿಸಿಲು ಹಿತ್ತಿಲ ಗೋಡೆಯನ್ನು ದಾಟಿ ಹೋಗಿತ್ತು. ನಮ್ಮ ಪಾತ್ರೆಗೆ ಬಗ್ಗಿಸಿಟ್ಟ ಬಿರಿಯಾನಿಯಲ್ಲಿ ನನಗಾಗಿ ಉಳಿದದ್ದು ತಳ ಹಿಡಿದ ಸೀಕು. ಅದನ್ನು ಕೆರೆದು, ಗೋಡೆಗೆ ಒರಗಿ, ನಿಂತುಕೊಂಡೇ ತಿಂದೆ. ಕುಳಿತರೆ ಮತ್ತೆ ಏಳಲಾರೆನೆಂಬ ಭಯ.

ನಡುಮನೆಯಲ್ಲಿ ಬೆತ್ತದ ಕುರ್ಚಿ ಹಿತವಾಗಿ ಕಿರುಗುಟ್ಟಿತು.

"ಜಯಾ," ಎಂದಳು ಅಮ್ಮ, ನಿದ್ದೆಯ ಅಂಚಿನಿಂದ, "ಬರೋ ವರ್ಷ ಯಾವ್ಯಾವ ದೇಶ ಅಂತ ಈಗ್ಲೇ ಹೇಳ್ಬಿಡು. ನಾನು ಅಕ್ಕಿ ನೆನೆಹಾಕೋಕೆ ಅನುಕೂಲವಾಗುತ್ತೆ."