ಸ್ಕಾಟ್ಲೆಂಡಿನ ಅಕ್ಕೋರ ಏಕಾದಶಿ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮಡಿವಂತರು ಯಾರು ಎಂದು ಕೇಳಿದರೆ ನಾನು ಒಂದು ಕ್ಷಣವೂ ಯೋಚಿಸುವುದಿಲ್ಲ. ಅಜ್ಜಿಯಲ್ಲ. ಅಜ್ಜಿಗೆ ಮಡಿ ಕಲಿಸಿದ ಅವಳ ಅತ್ತೆಯಂತೂ ಅಲ್ಲವೇ ಅಲ್ಲ. ಸ್ಕಾಟ್ಲೆಂಡಿನಿಂದ ಬಂದು ನಮ್ಮ ಮಾಳಿಗೆಯ ಖೋಲಿಯಲ್ಲಿ ಎರಡು ವರ್ಷ ಬಾಡಿಗೆಗಿದ್ದ ಇಂಗ್ಲಿಷ್ ಟೀಚರು! ನಗಬೇಡಿ. ಅವರ ಕಾಟಕ್ಕೆ ಏಕಾದಶಿ ಬಂತೆಂದರೆ ಅಪ್ಪ ಆಫೀಸಿನಲ್ಲಿ ತಾವಾಗಿಯೇ ಕೆಲಸ ಕೇಳಿ ಪಡೆದು ಅಲ್ಲೇ ಉಳಿಯುತ್ತಿದ್ದರು.

ನಾವು ಧಾರವಾಡದ ಕಡೆಯವರು. ಅಪ್ಪನಿಗೆ ಹೈದರಾಬಾದಿನಲ್ಲಿ ಕೇಂದ್ರ ಸರಕಾರದ ನೌಕರಿ, ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮನೆ. ನಾನಾಗ ಏಳನೆಯ ತರಗತಿ. ನನ್ನ ಶಾಲೆಗೇ ಇವರು ಎರಡು ವರ್ಷದ ಕರಾರಿನ ಮೇಲೆ ಇಂಗ್ಲಿಷ್ ಕಲಿಸಲು ಬಂದದ್ದು. ಎತ್ತರ ನಮ್ಮ ಬಾಗಿಲ ಚೌಕಟ್ಟಿಗಿಂತ ಎರಡು ಬೆರಳು ಹೆಚ್ಚು, ಹೀಗಾಗಿ ಹಣೆಯ ಮೇಲೆ ಸದಾ ಒಂದು ಬುಗುಟು. ಓಣಿಯ ಹೂವಿನವಳಿಗೆ ಅವರು ‘ದೊರಸಾನಿ’. ಅಜ್ಜಿಗೆ ಮಾತ್ರ ‘ಅಕ್ಕೋರು’. ಶಾಲೆಯಲ್ಲಿ ಕಲಿಸುವ ಹೆಂಗಸು ಯಾವ ದೇಶದವಳಾದರೇನು, ನಮ್ಮ ಕಡೆ ಅಕ್ಕೋರೇ.

ಅಕ್ಕೋರಿಗೆ ಇದ್ದದ್ದು ಒಂದೇ ದೋಷ. ಹೇಳಿದ್ದನ್ನು ನಂಬುತ್ತಿದ್ದರು! ಅಜ್ಜಿಯ ಬಾಯಿಂದ ಒಂದು ಶಾಸ್ತ್ರ ಹೊರಬಿದ್ದರೆ ಸಾಕು, ನೀಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಚಾಚೂ ತಪ್ಪದೆ ನಡೆಸುತ್ತಿದ್ದರು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂಬ ಗಾದೆಯೊಂದನ್ನು ಅವರಿಗೆ ಯಾರೂ ಬರೆಸಿರಲಿಲ್ಲ. ಕನ್ನಡವನ್ನೂ ಅಜ್ಜಿಯಿಂದಲೇ ಕಲಿತದ್ದರಿಂದ, ಕಣ್ಣು ಮುಚ್ಚಿ ಕೇಳಿದರೆ ಧಾರವಾಡದ ಯಾರೋ ದೇಸಾಯರ ಮನೆಯ ಹಿರಿಸೊಸೆ ಮಾತಾಡಿದಂತಿರುತ್ತಿತ್ತು. ಕಣ್ಣು ತೆರೆದರೆ ಬುಗುಟು.

ಅವರು ಬಂದ ಹೊಸತರಲ್ಲಿ ಒಂದು ದಿನ ಅಜ್ಜಿ, “ನಾಳೆ ಏಕಾದಶಿ ಅದ ಅಕ್ಕೋರ, ನಮಗೆಲ್ಲಾ ಉಪವಾಸ” ಎಂದಳು.

“ಉಪವಾಸ ಅಂದ್ರ ಏನೂ ತಿನ್ನೂದಿಲ್ಲೇನ್ರಿ?”

“ಏನಂದ್ರ ಏನೂ ಇಲ್ಲ!”

ಅಲ್ಲೇ ಅಜ್ಜಿ ಎಡವಿದ್ದು. ನಮ್ಮ ಮನೆಯ ಏಕಾದಶಿ ಎಂದರೆ ಏನೆಂದುಕೊಂಡಿರಿ? ಸಾಬೂದಾಣಿ ಖಿಚಡಿ, ಬಟಾಟಿ ಪಲ್ಯ, ಶೇಂಗಾ ಉಂಡಿ, ಬಾಳೆಹಣ್ಣು, ಮೇಲೊಂದು ಲೋಟ ಕೆನೆಹಾಲು! ಅಷ್ಟು ತಿಂದವರು ಸಂಜೆಯವರೆಗೆ ಏಳುತ್ತಿರಲಿಲ್ಲ. ಅಕ್ಕೋರು ಬರೀ ನೀರು ಕುಡಿದು, ಅಜ್ಜಿಗೆ ಜೊತೆಯಾಗಲೆಂದು ಅಡುಗೆಮನೆಯ ಹೊಸ್ತಿಲಲ್ಲೇ ಬಂದು ಕುಳಿತುಬಿಟ್ಟರು. ಒಳಗೆ ಖಿಚಡಿ ಘಮಘಮ. ಹೊರಗೆ ಅಜ್ಜಿ ಜಪಮಾಲೆ ಹಿಡಿದು ಕಂಗಾಲು. ಅಪ್ಪ ಅರ್ಧ ಗಂಟೆಗೊಮ್ಮೆ ಕತ್ತು ಚಾಚಿ, “ಅಕ್ಕೋರು ಹೋದ್ರೇನು?” ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳುವರು. ಅಕ್ಕೋರು ಹೋಗಲಿಲ್ಲ. ಖಿಚಡಿ ಆಕಳಿಗೆ ಹೋಯಿತು.

ಆ ಸಿಟ್ಟಿಗೆ ನಾನು ಶಾಲೆಯಲ್ಲಿ ಇಂಗ್ಲಿಷ್ ಪ್ರಬಂಧದಲ್ಲಿ ನಮ್ಮ ಮನೆಯ ಏಕಾದಶಿಯನ್ನು ಇದ್ದದ್ದು ಇದ್ದಂತೆ, ಶೇಂಗಾ ಉಂಡಿ ಸಮೇತ ಬರೆದೆ. ಹತ್ತಕ್ಕೆ ಮೂರು! ಅಕ್ಕೋರು ಪ್ರತ್ಯೇಕವಾಗಿ ಕರೆದು, “ನಿನ್ನ ಇಂಗ್ಲಿಷ್ ಭಾಳ ಛಲೋ ಅದ. ಆದ್ರ ಅಜ್ಜಿ ಬಗ್ಗೆ ಹಿಂಗ ಸುಳ್ಳು ಬರೀಬಾರದವ್ವಾ” ಎಂದು ನೊಂದುಕೊಂಡು ಹೇಳಿದರು. ಸತ್ಯ ಬರೆದು ನಾಪಾಸಾದವಳು ನಾನೊಬ್ಬಳೇ ಇರಬೇಕು.

ಚೌತಿಯ ಚಂದ್ರನನ್ನು ನೋಡಬಾರದು ಎಂದು ಅಜ್ಜಿ ಹೇಳಿದ್ದೇ ತಪ್ಪಾಯಿತು. ಅಕ್ಕೋರು ಅಂದು ಸಂಜೆ ಪೇಟೆಯಿಂದ ಕೊಡೆ ಬಿಚ್ಚಿಕೊಂಡು, ನೆಲ ನೋಡುತ್ತ ನಡೆದು ಬಂದರು. ಮೋಡದ ಸುಳಿವಿಲ್ಲ. “ವಾನ ಏದಮ್ಮಾ ದೊರಸಾನೀ?” ಎಂದು ಹೂವಿನವಳು ಮಳೆ ಹುಡುಕುತ್ತ ಮೇಲೆ ನೋಡಿದಳು, ಪಾಪ, ಅವಳ ಕಣ್ಣಿಗೇ ಬಿತ್ತು ಚಂದ್ರ! ಅಕ್ಕೋರು ನಿಂತಿದ್ದ ಸೈಕಲ್ ರಿಕ್ಷಾಕ್ಕೆ ಡಿಕ್ಕಿ ಹೊಡೆದು, ಎರಡನೆಯ ಬುಗುಟಿನೊಂದಿಗೆ ಮನೆ ಸೇರಿದರು.

ರಂಜಾನ್ ಬಂತು. ಪಕ್ಕದ ಮನೆಯ ಆಪಾ ರೋಜಾ ಉಪವಾಸದ ನಿಯಮ ಹೇಳಿಕೊಟ್ಟರು. ನೀಲಿ ನೋಟ್‌ಬುಕ್ಕಿನಲ್ಲಿ ಅದೂ ಬರೆಯಲ್ಪಟ್ಟಿತು. ನಡುವೆ ಏಕಾದಶಿ ಬಿಡುತ್ತದೆಯೇ? ಅಂದು ಅಕ್ಕೋರದು ಡಬಲ್ ಉಪವಾಸ, ಗುಟುಕು ನೀರೂ ಇಲ್ಲ! ಸಂಜೆ ಅಜಾನ್ ಕೇಳಿತು. ಮೆಟ್ಟಿಲ ಮೇಲೆ ಅಕ್ಕೋರು ಕೈಯಲ್ಲೊಂದು ಖರ್ಜೂರ ಹಿಡಿದು ಕಲ್ಲಾಗಿ ನಿಂತಿದ್ದರು. ಗೋಡೆಯಾಚೆಯಿಂದ ಆಪಾ, “ಅಜಾನ್ ಹೋಗಯೀ ಮಾ, ರೋಜಾ ಖೋಲ್ ಲೇವ್!” ಎಂದು ಕೂಗಿದರು.

“ತಿನ್ನಬೇಕಂತ ಆಪಾ ಹೇಳ್ತಾರ. ನಾಳೆ ದ್ವಾದಶಿ ತನಕಾ ತಿನ್ನಬಾರದಂತ ನೀವು ಹೇಳೀರಿ. ನಾ ಏನು ಮಾಡ್ಲಿರಿ ಅಜ್ಜಿ?” ಅಕ್ಕೋರ ತುಟಿ ಒಣಗಿ ಬಿರಿದಿತ್ತು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು: “ಖರ್ಜೂರ ಹಣ್ಣಲ್ಲೇನು? ಹಣ್ಣು ಏಕಾದಶಿಗೂ ನಡೀತದ. ತಿನ್ನರೀ ಮೊದಲ!” ಆಪಾ ಗೋಡೆಯಾಚೆಯಿಂದ ಇಡೀ ತಟ್ಟೆಯನ್ನೇ ದಾಟಿಸಿದರು. ಅಜ್ಜಿಯೂ ನಾಲ್ಕು ತಿಂದಳು, ಅದೂ ಅಕ್ಕೋರ ಎದುರಿಗೇ. ಎಷ್ಟು ತಿಂಗಳ ಮೇಲೆ!

ಇಷ್ಟೆಲ್ಲ ನಗೆಯಾಯಿತು. ಆದರೆ ದಸರೆಯಲ್ಲಿ ಅಜ್ಜಿ ನಿಜಕ್ಕೂ ಸಿಕ್ಕಿಬಿದ್ದಳು.

ದಸರೆಯ ದಿನ ನಮ್ಮಲ್ಲಿ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, ‘ಬನ್ನಿ ತಗೊಂಡು ಬಂಗಾರದಾಂಗ ಇರೋಣು’ ಎನ್ನುತ್ತೇವೆ. ಅಜ್ಜಿ ಹುರುಪಿನಿಂದ ಬರೆಸುತ್ತಿದ್ದಳು. “ಎಲ್ಲಾರಿಗೂ ಕೊಡಬೇಕು. ಜಗಳಾ ಇದ್ದವರ ಮನಿಗಂತೂ ಮೊದಲ ಹೋಗಬೇಕು.”

ಅಕ್ಕೋರು ಹೊಸ ಪುಟ ತೆರೆದು ಪೆನ್ನು ಸಜ್ಜು ಮಾಡಿಕೊಂಡರು. “ನಿಮ್ಮ ಜಗಳ ಯಾರ ಜೋಡಿ ಅದ ಅಜ್ಜಿ?”

ನಾವೆಲ್ಲ ಉಸಿರು ಬಿಗಿಹಿಡಿದೆವು. ಕಾಚಿಗುಡದಲ್ಲಿ ಅಜ್ಜಿಯ ಒಡಹುಟ್ಟಿದ ತಂಗಿ ಇದ್ದಳು, ನಮ್ಮ ಸಣ್ಣಜ್ಜಿ. ಯಾರದೋ ಮುಂಜಿವೆಯಲ್ಲಿ ಬೀಗರ ಎದುರಿಗೆ ಅವಳು, “ಅಕ್ಕನ ಸಾರು ನೀರಾಗೇದ” ಎಂದಿದ್ದಳು. ಅಷ್ಟೇ! ಹನ್ನೊಂದು ವರ್ಷದಿಂದ ಮಾತಿಲ್ಲ. ಮನೆಯಲ್ಲಿ ಅವಳ ಹೆಸರೆತ್ತಿದರೆ ಅಜ್ಜಿ ಎದ್ದು ಹೋಗುತ್ತಿದ್ದಳು. ಆದರೆ ಪ್ರತಿ ದಸರೆಗೆ ಹೋಳಿಗೆ ಬೇಯಿಸುವಾಗ ಮೊದಲ ಹೋಳಿಗೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು. ಸಣ್ಣಜ್ಜಿಗೆ ಹೋಳಿಗೆ ಎಂದರೆ ಪ್ರಾಣ.

“ಅದು ಜಗಳಲ್ಲ” ಎಂದಳು ಅಜ್ಜಿ. “ಮಾತಾಡೂದಿಲ್ಲ, ಅಷ್ಟ.” ಪೆನ್ನು ಇನ್ನೂ ಕಾಯುತ್ತಿರುವುದನ್ನು ಕಂಡು ತಿರುಗಿಬಿದ್ದಳು. “ನಂದಿರ್ಲಿ. ನಿಮ್ಮ ಜಗಳ ಯಾರ ಜೋಡಿ ಅದ, ಅದನ್ನ ಬರೀರಿ ನೋಡೋಣು!”

ಅಕ್ಕೋರು ಪೆನ್ನಿಗೆ ಮುಚ್ಚಳ ಹಾಕಿದರು. “ನನಗೂ ಒಬ್ಬಾಕಿ ತಂಗಿ ಇದ್ದಾಳ್ರಿ. ಆರು ವರ್ಷ ಆತು.”

“ಜಗಳೇನು?”

“ಜಗಳಲ್ರಿ. ಮಾತಾಡೂದಿಲ್ಲ, ಅಷ್ಟ.”

ಇಬ್ಬರೂ ಒಮ್ಮೆಲೇ ನಕ್ಕರು. ನಗು ನಿಂತ ಮೇಲೆ ಅಜ್ಜಿಯೇ, “ನೀವು ನಿಮ್ಮ ತಂಗಿಗೆ ಬನ್ನಿ ಕಳಸೋದಾದ್ರ ನಾ ನನ್ನ ತಂಗಿ ಮನಿಗೆ ಹೋಗ್ತೀನಿ” ಎಂದಳು.

ಹಬ್ಬದ ಸಂಜೆ ಒಂದೇ ರಿಕ್ಷಾದಲ್ಲಿ ಅಜ್ಜಿ, ಅಕ್ಕೋರು, ಅಕ್ಕೋರ ಮೊಣಕಾಲು, ಉಳಿದ ಜಾಗದಲ್ಲಿ ನಾನು ಕಾಚಿಗುಡಕ್ಕೆ ಹೋದೆವು. ಬಾಗಿಲು ತೆರೆದ ಸಣ್ಣಜ್ಜಿಯ ತಲೆ ಪೂರ್ತಿ ಬೆಳ್ಳಗಾಗಿತ್ತು. ಅಜ್ಜಿ ಕೈ ಚಾಚಿದಳು. “ಬನ್ನಿ ತಗೊಂಡು…” ಎಂದಳು. ಹಿಂದಿನಿಂದ ಅಕ್ಕೋರು ಮೆಲ್ಲಗೆ, “ಬಂಗಾರದಾಂಗ ಇರೋಣು” ಎಂದು ಮುಗಿಸಿಕೊಟ್ಟರು.

ಸಣ್ಣಜ್ಜಿ ಎಲೆಯನ್ನು ಕಣ್ಣಿಗೊತ್ತಿಕೊಂಡಳು. “ಒಳಗ ಬಾ ಅಕ್ಕಾ. ಸಾರು ಮಾಡೀನಿ. ನೀರಾಗೇದೇನು, ನೋಡಿ ಹೇಳು.”

ಮರುದಿನ ಅಕ್ಕೋರ ತಂಗಿಗೆ ಬನ್ನಿ ಎಲೆ ಕಳಿಸಲು ಅಬಿಡ್ಸ್ ಅಂಚೆ ಕಚೇರಿಗೆ ಅಜ್ಜಿ ತಾನೇ ಹೊರಟಳು, ಅಕ್ಕೋರು ಮಾತು ತಪ್ಪಿಯಾರೆಂದು! ಲಕೋಟೆಯಿಂದ ಇಣುಕುತ್ತಿದ್ದ ಎಲೆ ನೋಡಿ ಕೌಂಟರಿನಾತ, “ಜಮ್ಮಿನಾ?” ಎಂದು ಬನ್ನಿಯ ತೆಲುಗು ಹೆಸರು ಹೇಳಿ ಅದಕ್ಕೆ ಕೈಮುಗಿದು, ಆಮೇಲೆ ಠಸ್ಸೆ ಹೊಡೆದ.

ಉತ್ತರ ಬರಲಿಲ್ಲ. ಅಜ್ಜಿ ದಿನಾ ಪೋಸ್ಟ್‌ಮ್ಯಾನನನ್ನು ತಡೆದು ಕೇಳುತ್ತಿದ್ದಳು. ಬೇಸಿಗೆಯಲ್ಲಿ ಕರಾರು ಮುಗಿದು ಅಕ್ಕೋರು ಹೊರಟರು. ಬಾಗಿಲ ಚೌಕಟ್ಟಿಗೆ ಕೊನೆಯ ಬಾರಿ ಹಣೆ ಬಡಿಸಿಕೊಂಡರು.

ಮುಂದಿನ ದಸರೆಯ ಮರುದಿನ ಒಂದು ಲಕೋಟೆ ಬಂತು. ಒಳಗೆ ನಮಗ್ಯಾರಿಗೂ ಗೊತ್ತಿಲ್ಲದ ಗಿಡದ ಎರಡು ಹಳದಿ ಎಲೆ. ಸೊಟ್ಟ ಕನ್ನಡದಲ್ಲಿ ಒಂದು ಸಾಲು: ‘ಇಲ್ಲೆ ಬನ್ನಿ ಗಿಡ ಇಲ್ರಿ ಅಜ್ಜಿ. ಒಂದು ನಂದು, ಒಂದು ನನ್ನ ತಂಗೀದು.’

ಅಂದು ಏಕಾದಶಿ. ಸಣ್ಣಜ್ಜಿಯೂ ಬಂದಿದ್ದಳು, ಎರಡು ತಟ್ಟೆಯಲ್ಲಿ ಖಿಚಡಿ ಬಡಿಸಿಯಾಗಿತ್ತು. ಅಜ್ಜಿ ಎಲೆಗಳನ್ನು ದೇವರ ಮುಂದಿಟ್ಟು ಬಂದು, ತನ್ನ ತಟ್ಟೆಯನ್ನು ತಂಗಿಯ ಕಡೆ ಸರಿಸಿದಳು.

“ನೀ ತಿನ್ನವಾ. ಇವತ್ತೊಂದು ದಿನಾ ನಾ ಖರೇನ ಉಪವಾಸ ಮಾಡ್ತೀನಿ.”